ನಾಲ್ಕನೆಯ ಅರ್ಜಿ

ರಸ್ತೆ ವಿಭಾಗದ ದೊಡ್ಡವರಿಗೆ,
ಶಾಲೆಯ ಗಂಟೆ ಬಾರಿಸುವ ತ್ಸಿಯಾಲಾ ಮಾಡುವ ನಮಸ್ಕಾರ.
ಇದು ನಾಲ್ಕನೆಯದು. ಹಿಂದಿನ ಮೂರಕ್ಕೂ
ನೀವು ಕೊಟ್ಟ ನಂಬರುಗಳು ಜೋಪಾನವಾಗಿವೆ
ನನ್ನ ಅಡುಗೆಮನೆಯಲ್ಲಿ, ಉಪ್ಪಿನಕಾಯಿ ಜಾಡಿಯ ಕೆಳಗೆ.

ನಮ್ಮ ಊರು ನಿಮಗೆ ನೆನಪಿರಲಿಕ್ಕಿಲ್ಲ.
ತೆಲಾವಿಯಿಂದ ಮೂಡಲಿಗೆ ಬಂದರೆ, ದ್ರಾಕ್ಷಿತೋಟ ಮುಗಿದು
ರಸ್ತೆ ಹೊರಳುವಲ್ಲಿ, ಡ್ರೈವರು ಸಿಗರೇಟು ಹಚ್ಚಿಕೊಳ್ಳುವಷ್ಟರಲ್ಲಿ
ಹಿಂದೆ ಬಿದ್ದುಹೋಗುವ ಊರು.
ಮನೆಗಳೆಲ್ಲ ಈ ಕಡೆ. ಶಾಲೆ ಆ ಕಡೆ.
ನಡುವೆ ನಿಮ್ಮ ರಸ್ತೆ.
(ನಿಮ್ಮದಲ್ಲವೆಂದು ಮೊದಲ ಉತ್ತರದಲ್ಲಿ ಬರೆದಿದ್ದಿರಿ;
ನಿಮ್ಮದೇ ಎಂದು ಎರಡನೆಯದರಲ್ಲಿ.
ಎರಡನೆಯದನ್ನೇ ನಂಬಿದ್ದೇನೆ.)

ಎಷ್ಟು ಮೀಟರು ಅಗಲ, ಎಷ್ಟು ವೇಗ, ಎಂದೆಲ್ಲ ಕೇಳಿದಿರಿ.
ಗಂಟೆಯವಳಿಗೆ ಮೀಟರು ತಿಳಿಯದು, ಹೊತ್ತು ತಿಳಿಯುತ್ತದೆ.
ಒಂದನೇ ಕ್ಲಾಸಿನ ಬಚಾನಾ ದಾಟಲು
ನನ್ನ ಹನ್ನೊಂದು ಉಸಿರು ಬೇಕು.
ನಟ್ಟನಡುವೆ ನಿಂತು ಕಾಲುಚೀಲ ಎಳೆದುಕೊಳ್ಳುತ್ತಾನೆ,
ಅಣ್ಣನದು, ಸಡಿಲ.
ತಿರುವಿನಲ್ಲಿ ಕಂಡ ಲಾರಿ ನಮ್ಮ ಗೇಟಿಗೆ ಬರಲು
ಆರು.
ಕಳೆದು ನೋಡಿ.
ಲೆಕ್ಕದ ಟೀಚರು ಮಾಕ್ವಾಲಾ ಸರಿಯೆಂದು ರುಜು ಹಾಕಿದ್ದಾರೆ.
ಉಳಿದ ಐದು ಉಸಿರು ಯಾರ ಖಾತೆಗೆ ಬರೆಯುತ್ತೀರಿ?

ಅಪಘಾತದ ದಾಖಲೆ ಲಗತ್ತಿಸಿ ಎಂದಿತ್ತು ನಿಮ್ಮ ಫಾರಮ್ಮು.
ಇಲ್ಲ ಸ್ವಾಮಿ. ಆ ಕಾಗದ ನಮ್ಮಲ್ಲಿಲ್ಲ.
ಇಲ್ಲದಿರಲೆಂದೇ ಬರೆಯುತ್ತಿರುವುದು.
ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದವರ ಕಥೆ
ನಮ್ಮ ಗುಡ್ಡದ ಮೇಲೇ ಇದೆ, ಕಲ್ಲುಗಳಾಗಿ;
ಭಾನುವಾರ ಮಕ್ಕಳು ಅದನ್ನು ಹತ್ತಿ ಆಡುತ್ತಾರೆ.
ಮಾರ್ಚಿನಲ್ಲಿ ಒಂದು ನಾಯಿ ಸತ್ತಿತ್ತು.
ಅದರ ಕೊರಳಪಟ್ಟಿ ಕಳಿಸಿದೆ.
ವಾಪಸು ಬಂತು, ಸೀಲು ಒತ್ತಿಸಿಕೊಂಡು.

ಮೂರನೆಯ ಅರ್ಜಿಯಲ್ಲಿ ಸಿಟ್ಟಿನಿಂದ ಒಂದು ಮಾತು ಬರೆದೆ:
ಈ ಲಾರಿಗಳು ಆಕಳಿಗೆ ನಿಲ್ಲುತ್ತವೆ, ಮಕ್ಕಳಿಗಲ್ಲ;
ಆಕಳಿಗೆ ಗುದ್ದಿದರೆ ರೇಡಿಯೇಟರು ಹೋಗುತ್ತದೆ.

ಕಳೆದ ಮಂಗಳವಾರ ನಿಮ್ಮವರು ಇಬ್ಬರು ಬಂದರು.
ಗುಂಡಿ ತೋಡಿದರು, ಕಂಬ ನೆಟ್ಟರು,
ಝಾನಾ ಅಜ್ಜಿಯ ವೈನು ಕುಡಿದರು.
ಹೊತ್ತಾಗದಿದ್ದರೂ ನಾನು ಬಿಡುವಿನ ಗಂಟೆ ಹೊಡೆದೆ.
ಮಕ್ಕಳೆಲ್ಲ ಬೇಲಿಗೆ ಒರಗಿ ನಿಂತರು.
ಫಲಕಕ್ಕೆ ಸುತ್ತಿದ ಕಾಗದ ಹರಿದಾಗ
ಕೆಂಪು ತ್ರಿಕೋನದೊಳಗೆ ನಿಂತಿತ್ತು
ಕಪ್ಪಗೆ, ಕೊಂಬು ಸಮೇತ,
ಒಂದು ಆಕಳು.

ನಕ್ಕೆವು. ಮಾಕ್ವಾಲಾ ಟೀಚರು ನಗಲಿಲ್ಲ.

ಆದರೂ ಅದನ್ನು ಕೀಳಬೇಡಿ.
ದೂರು ಕೊಡಲು ಬರೆದ ಪತ್ರವಲ್ಲ ಇದು.
ಲಾರಿಗಳು ನಿಜಕ್ಕೂ ನಿಧಾನಿಸುತ್ತಿವೆ ಈ ವಾರ.
ಡ್ರೈವರು ಕತ್ತು ಹೊರಗೆ ಹಾಕಿ ಆಕಳು ಹುಡುಕುತ್ತಾನೆ,
ಅಷ್ಟರಲ್ಲಿ ಬಚಾನಾನ ಕಾಲುಚೀಲ ಮೊಣಕಾಲಿಗೆ ಬಂದಿರುತ್ತದೆ.
ಬೆಳಿಗ್ಗೆ ಎಂಟೂವರೆಗೆ ಝಾನಾ ಅಜ್ಜಿ ತನ್ನ ತ್ಸಾಬ್ಲಾಳನ್ನು
ಅದೇ ಜಾಗದಲ್ಲಿ ಮೇಯಲು ದಾಟಿಸುತ್ತಾಳೆ;
ಹಿಂದೆ ಇಪ್ಪತ್ತಮೂರು ಮಕ್ಕಳು,
ಮೊದಲನೆಯವನ ಕೈಯಲ್ಲಿ ಬಾಲ.
ತ್ಸಾಬ್ಲಾ ಅವಸರ ಮಾಡುವವಳಲ್ಲ.

ಆದರೆ ಅವಳಿಗೆ ಕರು ಹಾಕುವ ತಿಂಗಳು ಹತ್ತಿರ ಬಂತು,
ಕೊಟ್ಟಿಗೆ ಬಿಟ್ಟು ಬರಲಾರಳು.
ಅಷ್ಟರೊಳಗೆ ಇನ್ನೊಂದು ಫಲಕ ಕೊಡಿ,
ಮಕ್ಕಳಿರುವುದು. ಇಬ್ಬರಾದರೂ ಸಾಕು.
ನೆಡುವವರಿಗೆ ಈ ಸಲ ಸಿಮೆಂಟೂ ಕೊಟ್ಟು ಕಳಿಸಿ,
ಮೊದಲಿನ ಕಂಬ ಆಗಲೇ ವಾಲಿದೆ.

ಮತ್ತೆ, ಯಾರಾದರೂ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ:
ಫಲಕದ ಆಕಳ ಬೆನ್ನಿಗೆ ಸೀಮೆಸುಣ್ಣದಲ್ಲಿ
ಶಾಲೆಯ ಚೀಲ ಬರೆದಿದ್ದಾರೆ. ತನಿಖೆ ಬೇಡ.
ಸೀಮೆಸುಣ್ಣ ಕೊಟ್ಟವಳೂ ನಾನೇ,
ಏಣಿ ಹಿಡಿದವಳೂ.

ನಂಬರು ಕಳಿಸಿ.
ಜಾಡಿ ದೊಡ್ಡದಿದೆ.