ನಾಲ್ಕನೆಯ ಪ್ರತಿ

ಕೋಡಿಬಾಗ ರಸ್ತೆಗೆ ಬೆನ್ನು ಮಾಡಿ ಕೂತ ಆ ಕಚೇರಿಗೆ
ಬೋರ್ಡಿರಲಿಲ್ಲ.
ಅಂಚೆಯವನಿಗೆ ಗೊತ್ತಿತ್ತು, ಎದುರಿನ ಖಾನಾವಳಿಗೆ ಗೊತ್ತಿತ್ತು,
ಚಾ ತರುವ ಹುಡುಗ ಸಾಹೇಬರ ಸಕ್ಕರೆಯ ಲೆಕ್ಕವನ್ನೂ ಬಲ್ಲ.
ಗುಟ್ಟು ಏನಿದ್ದರೂ ನಮ್ಮ ನಮ್ಮಲ್ಲೇ,
ಈ ಮೇಜಿನಿಂದ ಆ ಮೇಜಿಗೆ.

ನಾನು ಟೈಪಿಸ್ಟು. ಇಪ್ಪತ್ತಾರು ವರ್ಷ.
ಮೂರು ಕಾರ್ಬನ್ನು, ನಾಲ್ಕು ಪ್ರತಿ:
ಮೊದಲನೆಯದು ಬೆಂಗಳೂರಿಗೆ, ಅಲ್ಲಿಯವರಿಗೆ ಮನಸ್ಸಾದರೆ ದಿಲ್ಲಿಗೆ,
ಎರಡನೆಯದು ಎಸ್ಪಿ ಆಫೀಸಿಗೆ, ಮೂರನೆಯದು ಕಪಾಟಿಗೆ.
ನಾಲ್ಕನೆಯದು ಯಾರಿಗೆಂದು ಯಾರೂ ಹೇಳಿರಲಿಲ್ಲ.
ಅದರ ಮೇಲೆ ಮಸಿ ಇಲ್ಲ, ಒತ್ತಿದ ಗುರುತಷ್ಟೇ.
ಬೆಳಕಿಗೆ ಓರೆ ಹಿಡಿದರೆ ಓದಬಹುದು.

ಪುರ್ಸು ತಾಂಡೇಲ ಬಂದದ್ದು ದಸರೆ ಮುಗಿದ ಬುಧವಾರ,
ಬೈತಖೋಲದಿಂದ ನಡೆದೇ, ಫೆಣಿಯ ಘಾಟಿನ ಜೊತೆ.
ದೇವಗಡದ ದೀಪಕ್ಕೆ ಪಡುವಲಲ್ಲಿ ಒಂದು ಬೋಟು ಅಂದ,
ಎರಡು ರಾತ್ರಿಯಿಂದ ಲಂಗರು ಹಾಕಿದೆ,
ನಂಬರು ಈ ಕಡೆಯದೇ, ಬಣ್ಣ ಹೊಸದು, ಬಲೆ ಒಣಗಿದೆ.
ಹತ್ತಿರ ಹೋಗಿ ಬೀಡಿಗೆ ಬೆಂಕಿ ಕೇಳಿದೆ, ಕೊಟ್ಟರು.
ಆದರೆ ಬಾಯೇ,
‘ತಾಕಾ ವಾಸ್ ನಾ.’

ನಮ್ಮ ಕೊಂಕಣಿಯಲ್ಲಿ ವಾಸ್ ಅಂದರೆ ನಾತ.
ಬಂಗಡೆಯದು, ಡೀಸೆಲ್ಲಿನದು, ಹಳೆ ಹಗ್ಗದ್ದು,
ಏಳು ಸಲ ತೊಳೆದರೂ ಹಲಗೆಯ ಸಂದಿ ಬಿಟ್ಟು ಹೋಗದ್ದು.
ಅದಿಲ್ಲದ ಬೋಟು ಮೀನಿನ ಬೋಟಲ್ಲ.
ಇಷ್ಟು ಹೇಳಲಿಕ್ಕೆ ಅವನು ಒಂದು ದಿನದ ಕಸುಬು ಬಿಟ್ಟಿದ್ದ.

ಸಾಹೇಬರು ಬೀಳಗಿ ಕಡೆಯವರು.
ಬಂದು ಎಂಟು ವಾರ, ವರ್ಗಕ್ಕೆ ಅರ್ಜಿ ಹಾಕಿ ಏಳು.
ಅವರ ಕಿವಿಗೆ ವಾಸ ಅಂದರೆ ವಾಸವೇ.
ಅವರು ಹೇಳಿದರು, ನಾನು ಬಡಿದೆ:
‘ಸದರಿ ದೋಣಿಯಲ್ಲಿ ಯಾರೂ ವಾಸವಿರುವುದಿಲ್ಲ.
ಹಗ್ಗ ಹರಿದು ತೇಲಿ ಬಂದಿರುವ ಸಂಭವ.
ಮೂಲ: ಮದ್ಯವ್ಯಸನಿ. ದರ್ಜೆ: ಎಫ್, ಆರು.’
ಬೀಡಿಗೆ ಬೆಂಕಿ ಕೊಟ್ಟ ಕೈ
ಆ ಮೂರು ವಾಕ್ಯಗಳ ನಡುವೆ ಎಲ್ಲೋ ನೀರಿಗೆ ಬಿತ್ತು.

ವಾಸದ ‘ವಾ’ ಒತ್ತುವಾಗ ನನ್ನ ಬೆರಳು ನಿಂತಿತ್ತು.
ಎಷ್ಟು ಹೊತ್ತು? ಒಂದು ಉಸಿರು.
ಸಾಹೇಬರು ಕತ್ತೆತ್ತಿದರು.
ಕಾಗುಣಿತ ತಿದ್ದಿದ್ದಕ್ಕೆ ಒಮ್ಮೆ ಮೆಮೋ ಸಿಕ್ಕಿತ್ತು ನನಗೆ,
ಕೊಟ್ಟವರು ಇವರಲ್ಲ, ಇವರ ಹಿಂದಿನವರು.
ಮುಂದಿನ ಅಕ್ಷರ ಒತ್ತಿದೆ.

ಉಳಿದದ್ದು ಕಿವಿಗೆ ಬಿದ್ದದ್ದು ಆಮೇಲೆ,
ವಿಚಾರಣಾ ಸಮಿತಿಗೆ ಚಾ ಕೊಡುವಾಗ.
ನೌಕಾದಳದ ಪರದೆಯ ಮೇಲೆ ಅದು ಚುಕ್ಕೆಯಾಗಿ ಇತ್ತಂತೆ, ಹೆಸರಿಲ್ಲದೆ.
ಬೆಂಗಳೂರಿನ ಕಡತದಲ್ಲಿ ಹೆಸರೇ ಇತ್ತಂತೆ, ಊರಿಲ್ಲದೆ.
ದಿಲ್ಲಿಯಲ್ಲಿ ಯಾರೋ ತಂತಿಯೊಳಗಿನ ದನಿ ಹಿಡಿದಿದ್ದರು,
ಅದು ಎರಡು ಸಲ ‘ಕಾಳಿ’ ಅಂದಿತ್ತು.
ನದಿಯೆಂದು ಹೊಳೆಯದೆ
ಧಾರ್ಮಿಕ ಸಂಘಟನೆಗಳ ವಿಭಾಗಕ್ಕೆ ಕಳಿಸಿಬಿಟ್ಟಿದ್ದರು.
ಕಸ್ಟಮ್ಸಿನವರ ಹತ್ತಿರ ಡೀಸೆಲ್ಲಿನ ಚೀಟಿಯಿತ್ತು. ಕೊಡಲಿಲ್ಲ.
ಹಿಂದಿನ ವರ್ಷ ಕೊಟ್ಟಾಗ ಪದಕ ಪೊಲೀಸರಿಗೆ ಹೋಗಿತ್ತು.

ಶುಕ್ರವಾರ ನಸುಕಿಗೆ ನನ್ನ ಮನೆಯ ತಾಟು ಅಲುಗಿತು.
ಧಕ್ಕೆಯ ಮೇಲೆ ಐಸು ಒಡೆಯುತ್ತಿದ್ದ ಇಬ್ಬರು,
ಡೀಸೆಲ್ ಬಂಕಿನ ಕಾವಲಿಗೆ ಆ ತಿಂಗಳಷ್ಟೇ ಸೇರಿದ
ಉಮಾಕಾಂತ ಅನ್ನುವ ಹುಡುಗ.

ಸಮಿತಿ ಒಂಬತ್ತು ತಿಂಗಳು ಕೂತು ನಕ್ಷೆ ಬರೆಯಿತು.
ಎಲ್ಲ ಪೆಟ್ಟಿಗೆಗಳ ಮೇಲೆ ಇನ್ನೊಂದು ಪೆಟ್ಟಿಗೆ: ಸಮನ್ವಯ.
ಅಲ್ಲಿಗೂ ಒಂದು ಪ್ರತಿ ಹೋಗತಕ್ಕದ್ದು.
ನನ್ನ ಮಷೀನಿಗೆ ಐದು ಹಾಳೆ ಹಿಡಿಸುತ್ತಿರಲಿಲ್ಲ,
ಬರೆದು ತಿಳಿಸಿದೆ. ಉತ್ತರ ಬರಲಿಲ್ಲ.

ಅದರ ನಾಲ್ಕನೆಯ ಪ್ರತಿ ನನ್ನ ಟ್ರಂಕಿನಲ್ಲಿದೆ.
ಕದ್ದೆ ಅನ್ನುವಂತಿಲ್ಲ, ಅದು ಯಾರದ್ದೂ ಆಗಿರಲಿಲ್ಲ.

ಪುರ್ಸು ಕಂಡರೆ ರಸ್ತೆ ದಾಟುತ್ತಿದ್ದೆ.
ನಿವೃತ್ತಿಯಾದ ವರ್ಷ, ಮೀನುಪೇಟೆಯಲ್ಲಿ, ದಾಟಲು ಜಾಗ ಸಿಗಲಿಲ್ಲ.
ಹೆಂಡತಿಯ ಬುಟ್ಟಿಯ ಹಿಂದೆ ಕೂತಿದ್ದ, ಕಣ್ಣಿಗೆ ಪೊರೆ.
ದನಿಯಿಂದಲೇ ಗುರುತಿಸಿ ಅಂದ:
ಆವತ್ತು ನಾನು ಕುಡಿಯದೆ ಬರಬೇಕಿತ್ತು, ಬಾಯೇ.

ಹತ್ತು ಬಂಗಡೆ ಕೇಳಿದೆ.
ಹನ್ನೊಂದು ಹಾಕಿದ.