ಸಾಗಣೆ

ಯುನಿವರ್ಸಿಟಿ ಜೀಪಿನ ಸ್ಟೇರಿಂಗು ಹಿಡದು
ಹತ್ತೊಂಬತ್ತು ವರ್ಷ ಆತು.
ಹಿಂದಿನ ಸೀಟು ಹೆಬಸೂರ ಮೇಡಂ ಅವರ್ದು,
ಅರ್ಥಶಾಸ್ತ್ರದ ಪ್ರೊಫೆಸರು.
ಮೂಗಿನ ತುದೀಗೆ ಚಷ್ಮಾ, ತೊಡಿ ಮ್ಯಾಲೆ ಫಾರ್ಮಿನ ಕಟ್ಟು,
ಚೀಲದಾಗ ಒಂದು ಡಬ್ಬಿ ಚುರಮರಿ.

ಮೊದಲ ದಿನ ಕೇಳಿದ್ದೆ: ಯಾವುದರ ಮ್ಯಾಲೆ ಅಭ್ಯಾಸ ನಡಸೀರಿ?
'ಮಾನವ ಸಾಗಣೆ, ಇಮಾಮಸಾಬ.'
ನಕ್ಕೆ.
'ಹಂಗಂದ್ರ ನಂದೂ ಅದ ಉದ್ಯೋಗ ಅಲ್ರೀ,
ದಿನಾ ಮನಷ್ಯಾರನ್ನ ಸಾಗಸೋದು.'
ಅವರು ನಗಲಿಲ್ಲ.
ಗಾಜು ಇಳಿಸಿ ನವಲೂರ ಪೇರಲ ತ್ವಾಟ
ಮುಗಿಯೋತನಕ ನೋಡಕೋತ ಕುಂತ್ರು.

ಶಿರಹಟ್ಟಿ, ಸವಣೂರ, ಮುಂಡರಗಿ, ಹಿರೇಕೆರೂರ.
ಡಾಂಬರ ಮುಗದು ಎರಿಮಣ್ಣು ಹತ್ತಿದ ಕೂಡಲೇ
'ನಿಂದರಸು' ಅನ್ನೋರು.
ಯಾರದೋ ಕಟ್ಟಿ ಮ್ಯಾಲೆ ಚಪ್ಪಲಿ ಬಿಟ್ಟು ಕುಂತು
ಒಂದೊಂದ ಕೇಳೋರು:
ಮನ್ಯಾಗ ಎಷ್ಟು ಮಂದಿ,
ಹುಡಿಗಿ ಸಾಲಿ ಬಿಟ್ಟದ್ದು ಎಷ್ಟನೇ ಇಯತ್ತೆ,
ನೋಡಾಕ ಬಂದವರು ಯಾವ ಮಾತು ಆಡತಿದ್ರು.
ಹದಿನೇಳನೇ ಪ್ರಶ್ನಿಗೆ ಬಂದಾಗ
ದನಿ ಸಣ್ಣ ಆಗತಿತ್ತು:
'ಎಷ್ಟು ಕೊಟ್ರು, ಯವ್ವಾ?'

ಲಗೂನ ಯಾರೂ ಹೇಳತಿದ್ದಿಲ್ಲ.
ಒಬ್ಬಾಕಿ ಬೋರಿಗೆ ಹೋಗಿ ಕೊಡ ತುಂಬಿ ತಂದು ಹೇಳಿದ್ಲು.
ಒಬ್ಬಾಕಿ ಚಾ ಕೊಟ್ಲು, ಮತ್ತೊಂದು ಚಾ ಕೊಟ್ಲು,
ಹೇಳಲೇ ಇಲ್ಲ.
ಗಾಳೆವ್ವ ಅನ್ನಾಕಿ ಕೈಬಳಿ ತಿರುವಿಕೋತ:
'ವರದಕ್ಷಿಣಿ ಬ್ಯಾಡ ಅಂದ್ರು, ಸೀರಿ ತಂದ್ರು,
ನಡುವಿನಾಂವ ಹದಿನೆಂಟು ಸಾವಿರ ಕೈಯಾಗಿಟ್ಟ.
ರೈಲಿನ್ಯಾಗ ಎರಡು ದಿನದ ಹಾದಿ ಅಂತ.
ನಮ್ಮ ಫಕೀರವ್ವ ಎರಡು ದೀಪಾವಳಿ ಫೋನು ಮಾಡಿದ್ಲು,
ಹಿಂದಾಗಡೆ...'
ಮೇಡಂ ಹದಿನೆಂಟು ಬರದು
ಮೂರು ಸೊನ್ನಿಗೆ ಭಾಳ ಹೊತ್ತು ತಗೊಂಡ್ರು.

ಹೊಳ್ಳಿ ಬರೋವಾಗ ತಮ್ಮಷ್ಟಕ್ಕ ಅಂದ್ರು:
'ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿಗೆ
ಬಣ್ಣ ನೋಡಿ, ಸುಕ್ಕು ನೋಡಿ,
ಬೋರ್ಡಿನ ಮ್ಯಾಲೆ ದರಾ ಬರೀತಾರ.
ಇದಕ್ಕ ಬೋರ್ಡಿಲ್ಲ, ಇಮಾಮಸಾಬ.
ಆದ್ರ ದರಾ ಎಲ್ಲಾರಿಗೂ ಗೊತ್ತೈತಿ.'

ಸ್ಟಾಫ್ ರೂಮಿನ್ಯಾಗ ಅನ್ನೋರು:
ಇದು ಅರ್ಥಶಾಸ್ತ್ರ ಹೆಂಗಾಕ್ಕೈತ್ರಿ?
ಬಡ್ತಿ ಒಂಬತ್ತು ವರ್ಷ ತಡಾ ಆತು.
ಲಕ್ಷ್ಮೇಶ್ವರದಾಗ ಒಂದ್ಸಲ
ನಾಕೂ ಟಾಯರು ಕೊಯ್ದು ಹ್ವಾದ್ರು.
ದಿಲ್ಲಿಯವರು ಕರದು ಶಾಲು ಹೊಚ್ಚಿದ್ರು,
ಆ ಶಾಲು ಇವತ್ತಿಗೂ ನನ್ನ ಸೀಟಿನ ಹಿಂದ
ಎಣ್ಣಿ ಕಲಿ ಹತ್ತಿಸಿಕೊಂಡು ಬಿದ್ದೈತಿ.

ಹೋದ ತಿಂಗಳು ವರದಿ ಪುಸ್ತಕ ಆಗಿ ಬಂತು.
'ನಿನ್ನ ಹೆಸರೂ ಐತಿ ನೋಡು' ಅಂತ ಕೊಟ್ರು.
ಇತ್ತು: ಕೃತಜ್ಞತೆ, ಇಮಾಮಸಾಬ ನದಾಫ, ಚಾಲಕ.
ಕುಶಿಲೆ ಹಾಳಿ ತಿರುವಿದೆ.
ಅರವತ್ತೊಂದನೇ ಪುಟ. ಖರ್ಚಿನ ಕೋಷ್ಟಕ.
ನಡುವಿನವರಿಗೆ ಇಷ್ಟು. ಸೀರಿ, ಬಳಿ ಇಷ್ಟು.
ಊರಿಂದ ಸ್ಟೇಷನ್ನಿಗೆ ಗಾಡಿ ಬಾಡಗಿ, ಸರಾಸರಿ:
ನಾಕನೂರು.

ಈ ನೌಕರಿ ಬರೂದರಕಿಂತ ಮೊದಲ
ನಂದೊಂದು ಹಳೇ ಅಂಬಾಸಿಡರ್ ಇತ್ತು.
ಸವಣೂರಿಂದ ಹುಬ್ಬಳ್ಳಿ ಸ್ಟೇಷನ್, ರಾತ್ರಿ ಬಾಡಗಿ.
ಹಳದಿ ಸೀರಿಯಾಕಿ, ಕಾರಿನ ರೂಢಿ ಇಲ್ಲ,
ಮೂರು ಸಲ ವಾಂತಿ ಮಾಡಿಕೊಂಡ್ಲು.
'ಯಣ್ಣಾ, ಸ್ಟೇಷನ್ ಇನ್ನೂ ದೂರ ಐತೇನು?'
ದೂರ ಇರಲಿ ಅನ್ನೂವಂಗ ಕೇಳಿದ್ಲು.
ಗಂಡ ಅನ್ನಾಂವ ಕನ್ನಡ ತಿಳೀದ ಸುಮ್ಮನ ಕುಂತಿದ್ದ.
ಎರಡನೂರಾ ಐವತ್ತರ ಬಾಡಗಿಗೆ
ನಡುವಿನಾಂವ ನಾಕನೂರು ಕೊಟ್ಟ.
ಹೆಚ್ಚಿಗಿ ಯಾಕಂತ ಕೇಳಲಿಲ್ಲ ನಾ.
ಆ ಹೆಚ್ಚಿನ ರೊಕ್ಕದಾಗ ಮಗಳಿಗೆ
ಸಾಲಿ ಚೀಲ ತಗೊಂಡೆ. ಕೆಂಪಂದು.

ಮೇಡಂ ಅವರ ಕಡೀ ತಿರುಗಾಟ ಇವತ್ತು.
ಮೂವತ್ತೊಂದಕ್ಕ ನಿವೃತ್ತಿ.
ಎಲ್ಲಾರಿಗೂ ಕೇಳ್ಯಾರ ಹದಿನೇಳನೇದ್ದು,
ಮುಂದಿನ ಸೀಟಿಗೆ ಒಂದ್ಸಲನೂ ಕೇಳಿಲ್ಲ.
ನವಲೂರ ಹತ್ತರ ಬಂದಾಗ ಗೇರು ಇಳಿಸಿದೆ.
'ಮೇಡಂ, ಒಂದು ಫಾರ್ಮು ಖಾಲಿ ಉಳದೈತೇನ್ರಿ?'

ಕನ್ನಡಿಯಾಗ ನೋಡಲಿಲ್ಲ ನಾ.
ಪೆನ್ನಿನ ಟೊಪ್ಪಿಗಿ ತಗದ ಸಪ್ಪಳ ಕೇಳಿಸ್ತು.
'ಹೆಸರು?' ಅಂದ್ರು ಮೇಡಂ,
ಹತ್ತೊಂಬತ್ತು ವರ್ಷ ಕೂಗಿದ ಹೆಸರು
ಗೊತ್ತಿಲ್ಲದವರ ಹಂಗ.