ಗ್ವಾಡಿಗೆ ಎಷ್ಟು ಹೊಳಪು

ಹೊನ್ನೂರವಲಿ ಮೊದಲು ಬಣ್ಣದ ಮಾತೇ ಎತ್ತಲಿಲ್ಲ.
ಟ್ಯೂಬ್‌ಲೈಟ್ ಆರಿಸಿ, ಬ್ಯಾಟರಿಯನ್ನು
ಗ್ವಾಡಿಯ ಕೆನ್ನೆಗೆ ಒತ್ತಿ ಓರೆಯಾಗಿ ಹಿಡಿದ.
ಹನ್ನೊಂದು ವರ್ಷ ನಾನು ಸಪಾಟೆಂದು ನಂಬಿದ್ದರ ಮೇಲೆ
ಬಳ್ಳಾರಿ ಗುಡ್ಡ ಎದ್ದು ನಿಂತಿತು,
ಅದರ ಬೆನ್ನಿಗೆ ಇನ್ನೊಂದು,
ಕರಣೆ ಎಡವಿದಲ್ಲೆಲ್ಲ ನೆರಳು.

“ಮಿರಿಮಿರಿ ಬೇಕಂತೀರಿ ಅಕ್ಕಾ,
ಹೊಳಪು ಚಾಡಿಕೋರ, ಇದ್ದದ್ದೆಲ್ಲ ಹೇಳಿಬಿಡ್ತೈತಿ.
ಮ್ಯಾಟ್ ಆದ್ರೆ ಗುಟ್ಟು ಕಾಯ್ತೈತಿ,
ಆದ್ರೆ ಒಂದು ಕೈ ತಾಗಿದ್ರೂ ಮರೆಯಂಗಿಲ್ಲ.”

ನನ್ನ ಕೈ ನೋಡಿಕೊಂಡೆ.
ದಿನಾ ಜೀನ್ಸಿನ ಜೇಬು ಹೊಲಿಯುವ ಬೆರಳು,
ನಿಂಬೆಹುಳಿ, ಸೋಪು, ಸೀಮೆಎಣ್ಣೆ, ಯಾವುದಕ್ಕೂ ಬಿಡದ ನೀಲಿ.
ಸ್ವಿಚ್ಚಿನ ಸುತ್ತ, ಬಾಗಿಲ ಪಕ್ಕ,
ರಾತ್ರಿ ನೀರಿಗೆದ್ದು ದಾರಿ ತಡಕಿದ ಉದ್ದಕ್ಕೂ
ನಾನೇ ಇದ್ದೆ.
ಎರ್ರಿಸ್ವಾಮಿಯೂ ಇದ್ದ, ಅದಿರು ಲಾರಿ ಇಳಿದು ಬಂದು
ಬೂಟು ಬಿಚ್ಚುವಾಗ ಆತು ನಿಲ್ಲುವ ಒಂದೇ ಜಾಗದಲ್ಲಿ,
ಐದು ಬೆರಳು ಕೆಂಪಗೆ.

ಭುಜದ ಮಟ್ಟಕ್ಕೆ ಹೊಳಪು, ಮೇಲೆ ಮ್ಯಾಟು ಅಂದೆ.
ಅವನು ನಕ್ಕ: ಪೊಲೀಸ್ ಠಾಣೆ ಆಗ್ತೈತಿ ಮನಿ.
ಸುಣ್ಣಕ್ಕೆ ಚಿಟಿಕೆ ನೀಲಿ ಹಾಕಿ ಮುಗಿಸುತ್ತಿದ್ದ ಅತ್ತೆ
ಬುಡದಲ್ಲಿ ಉಬ್ಬಿದ ಸವುಳನ್ನು ಉಗುರಿಂದ ಕೆರೆದು
ನಾಲಿಗೆಗೆ ಹಚ್ಚಿ, “ಉಪ್ಪು” ಅಂದಳು.
“ಹೌದವ್ವಾ, ಅದಕ್ಕ ಮೊದಲು ಪ್ರೈಮರ್.
ಒಳಗಿನ ಉಪ್ಪು ತಡೀದೆ ಮ್ಯಾಲೆ ಏನು ಹಚ್ಚಿದ್ರೂ ಉದುರ್ತೈತಿ.”

ಕೌಲ್ ಬಜಾರಿನ ಅಂಗಡಿಯಲ್ಲಿ
ನೇರಳೆ ಹಣ್ಣಿನ ಬಣ್ಣಕ್ಕೆ ಬೆರಳಿಟ್ಟೆ.
ಹುಡುಗ ತೆರೆದ ಡಬ್ಬಿಯಲ್ಲಿ ಬರೀ ತೆಳು ಗಂಜಿ.
ಡೀಪ್ ಬೇಸ್ ಅಂತೆ. ಇದರಾಗ ಬಿಳುಪು ಇರಂಗಿಲ್ಲ,
ಬಿಳುಪು ತುಂಬಿದ್ದಕ್ಕ ಎಷ್ಟು ಸುರಿದ್ರೂ
ತಿಳಿ ಬಣ್ಣಕ್ಕೇ ನಿಂತುಬಿಡ್ತೈತಿ.
ಮಷೀನು ಹನಿಹನಿ ಉಗುಳಿತು, ಡಬ್ಬಿ ಗಡಗಡ ನಡುಗಿತು.
ಆ ಗಂಜಿಯನ್ನು ಇನ್ನೊಮ್ಮೆ ನೋಡೋಣವೆಂದರೆ
ಅದು ಆಗಲೇ ಇರಲಿಲ್ಲ.

ಕೊನೆಗೆ ಸ್ಯಾಟಿನ್.
ಎಣ್ಣೆ ಹಚ್ಚಿದ ತಲೆಯ ಹೊಳಪಲ್ಲ,
ಎರೆದುಕೊಂಡ ಮರುದಿನದ ತಲೆಯದು.
ಟ್ಯೂಬ್‌ಲೈಟನ್ನು ಎದುರು ಗ್ವಾಡಿಗೆ ಬದಲಿಸಿದೆವು,
ಗುಡ್ಡಗಳು ಮಲಗಲಿ ಅಂತ.

“ನೀಲಿ, ಕೆಂಪು, ಏನು ಹತ್ತಿದ್ರೂ ಒರೆಸಿದ್ರೆ ಹೋಗ್ತೈತಿ,”
ಬ್ರಷ್ ತೊಳೆಯುತ್ತ ಹೊನ್ನೂರವಲಿ ಅಂದ,
“ಆದ್ರೆ ಹದಿನೈದು ದಿನ ಕೈ ಹಚ್ಚಬ್ಯಾಡ್ರಿ. ಪೂರಾ ಗಟ್ಟಿಯಾಗ್ಲಿ.”

ಈಗ ರಾತ್ರಿ ನೀರಿಗೆ ಎದ್ದರೆ
ಎರಡೂ ಕೈ ಎದೆಗೆ ಕಟ್ಟಿ
ಕತ್ತಲ ನಟ್ಟನಡುವೆ ನಡೆಯುತ್ತೇನೆ.
ನಿನ್ನೆ ಎದುರಿನಿಂದ ಅವನೂ ಹಾಗೇ ಬಂದ.
ಡಿಕ್ಕಿ ಹೊಡೆದೆವು.
ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ.